ಸೋಯಾ ಸಾಸ್ ಇಲ್ಲದ ಅಡುಗೆಮನೆ: ಬದಲಿಗೆ ಏನು, ಎಷ್ಟು, ಯಾವಾಗ

ಬಣ್ಣ ಒಂದೇ ಎಂಬ ಒಂದೇ ಕಾರಣಕ್ಕೆ ನಾನು ಮೊದಲ ಸಲ ಸೋಯಾ ಸಾಸ್ ಬದಲು ಉಪ್ಪಾಗೆಯ (ನಮ್ಮ ಕಡೆಯ ಒಂದು ಹುಳಿಕಾಯಿಯ ಒಣಸಿಪ್ಪೆ) ರಸ ಸುರಿದೆ. ಎರಡು ದೊಡ್ಡ ಚಮಚ ಸಾಸ್ ಬೇಕಿದ್ದ ಕಡೆ ಎರಡು ದೊಡ್ಡ ಚಮಚ ರಸ. ಅನ್ನ ಕಪ್ಪಗೆ ಮಿರುಗುತ್ತಿತ್ತು, ನೋಡಲು ಥೇಟ್ ಜಾತ್ರೆಯ ಫ್ರೈಡ್ ರೈಸ್. ತಂಗಿಯ ಮಗ ಒಂದು ತುತ್ತು ಬಾಯಿಗಿಟ್ಟುಕೊಂಡು, "ದೊಡ್ಡಮ್ಮ, ಇದು ಚೈನೀಸ್ ಪುಳಿಯೋಗರೆಯಾ?" ಎಂದು ಕೇಳಿದ.

ಆ ಹುಡುಗನಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಆಗುವುದಿಲ್ಲ. ಚಪಾತಿ, ಬ್ರೆಡ್, ಬಿಸ್ಕತ್ತು ಬಿಡಿಸಿದ್ದಾಯಿತು. ಆದರೆ ಶಿರಸಿಯಲ್ಲಿ ಬೆಳೆದ ಮಗುವಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯೆಂದರೆ ತೊಟ್ಟಿಲು ಮತ್ತು ಗೋಬಿ ಮಂಚೂರಿ. ಮನೆಯಲ್ಲೇ ಮಾಡಿಕೊಡುತ್ತೇನೆ ಎಂದು ಹೂಕೋಸಿಗೆ ಮೈದಾ ಬಿಟ್ಟು ಅಕ್ಕಿಹಿಟ್ಟು, ಮೆಕ್ಕೆಜೋಳದ ಹಿಟ್ಟು ಕಲಸಿದೆ. ಕೊನೆಗೆ ಸಾಸ್ ಬಾಟಲಿ ತಿರುಗಿಸಿ ನೋಡಿದರೆ ಸೋಯಾ ಅವರೆಯ ಪಕ್ಕದಲ್ಲೇ ಗೋಧಿ ಕುಳಿತಿತ್ತು. ಅಂದಿನಿಂದ ಶುರುವಾದ ಪ್ರಯೋಗಗಳಲ್ಲಿ ಉಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಟ್ಟದ್ದೆಲ್ಲ ಬಾಳೆಬುಡಕ್ಕೆ ಹೋಗಿದೆ.

ಮೊದಲ ಹೆಜ್ಜೆ: ಯಾಕೆ ಬೇಡ ಎಂಬುದನ್ನು ತೀರ್ಮಾನಿಸಿ

ಸಾಸ್ ಬೇಡವಾಗುವ ಕಾರಣ ಒಬ್ಬೊಬ್ಬರದು ಒಂದೊಂದು. ಒಬ್ಬರಿಗೆ ಹೊಂದುವ ಬದಲಿ ಇನ್ನೊಬ್ಬರಿಗೆ ಅಪಾಯ.

ಗೋಧಿ ಆಗದಿದ್ದರೆ, ಸಾಂಪ್ರದಾಯಿಕ ಸೋಯಾ ಸಾಸ್ ಬೇಡವೇ ಬೇಡ. ಬೇಯಿಸಿದ ಸೋಯಾ ಅವರೆ ಮತ್ತು ಹುರಿದ ಗೋಧಿಗೆ ಕೋಜಿ ಎಂಬ ಶಿಲೀಂಧ್ರ ಹಿಡಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಹಿಂಡಿದ ರಸವೇ ಅದು. ಜಪಾನಿನ ತಮಾರಿಯಲ್ಲಿ ಗೋಧಿ ಇರುವುದಿಲ್ಲ, ಇದ್ದರೂ ಬಲು ಕಡಿಮೆ. ಗ್ಲುಟೆನ್ (ಗೋಧಿಯಲ್ಲಿರುವ, ಈ ಕಾಯಿಲೆಯವರಿಗೆ ಆಗದ ಪ್ರೋಟೀನು) ಇಲ್ಲ ಎಂದು ಬಾಟಲಿಯ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಿ. ಇನ್ನೊಂದು ಮಾತು. ಸಾಸ್ ಬದಲಿಸಿ, ಒಗ್ಗರಣೆಗೆ ಇಂಗು ಹಾಕಿ ಮೋಸಹೋಗಬೇಡಿ. ಅಂಗಡಿಯ ಡಬ್ಬಿ ಇಂಗಿಗೆ ಅನೇಕ ಬಾರಿ ಗೋಧಿ ಹಿಟ್ಟು ಬೆರೆತಿರುತ್ತದೆ. ಇದು ನನಗೆ ತಿಳಿದದ್ದು ಆರು ತಿಂಗಳ ನಂತರ.

ಸೋಯಾ ಅಲರ್ಜಿ ಇದ್ದರೆ ತಮಾರಿ, ಮಿಸೊ, ಲಿಕ್ವಿಡ್ ಅಮಿನೋಸ್ ಮೂರನ್ನೂ ಬಿಡಬೇಕು. ಮೂರರ ಬೇರೂ ಸೋಯಾ ಅವರೆಯೇ.

ರಕ್ತದೊತ್ತಡಕ್ಕಾಗಿ ಬಿಡುತ್ತಿದ್ದರೆ ಹೋರಾಟ ಇರುವುದು ಸೋಯಾ ಜೊತೆಗಲ್ಲ, ಉಪ್ಪಿನ ಜೊತೆಗೆ. ಸೋಯಾ ಬಿಟ್ಟು ಫಿಶ್ ಸಾಸ್ ಹಿಡಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಅದರಲ್ಲಿ ಇನ್ನೂ ಹೆಚ್ಚು ಉಪ್ಪಿರುತ್ತದೆ.

ಬಾಟಲಿ ಖಾಲಿ, ಹೊರಗೆ ಜಡಿಮಳೆ, ಅಂಗಡಿಗೆ ಹೋಗಲು ಮನಸ್ಸಿಲ್ಲ, ಅಷ್ಟೇ ಎನ್ನುವವರು ನೇರವಾಗಿ ನಾಲ್ಕನೇ ಹೆಜ್ಜೆಗೆ ಹೋಗಬಹುದು.

ಎರಡನೇ ಹೆಜ್ಜೆ: ಸಾಸ್ ಮಾಡುತ್ತಿದ್ದ ಕೆಲಸ ಯಾವುದು ನೋಡಿ

ನನ್ನ ಚೈನೀಸ್ ಪುಳಿಯೋಗರೆಯ ತಪ್ಪು ಇಲ್ಲಿತ್ತು. ಸೋಯಾ ಸಾಸ್ ಒಂದೇ ಬಾಟಲಿಯಲ್ಲಿ ನಾಲ್ಕು ಆಳುಗಳ ಕೆಲಸ ಮಾಡುತ್ತದೆ: ಉಪ್ಪು, ಬಣ್ಣ, ತುಸು ಹುಳಿ-ಸಿಹಿ, ಮತ್ತು ನಾಲಿಗೆಯ ತುಂಬ ಹರಡಿಕೊಂಡು ಇನ್ನೊಂದು ತುತ್ತು ಬೇಕು ಎನಿಸುವ ಒಂದು ಸ್ವಾದ. ನಾನು ಬಣ್ಣದ ಆಳನ್ನು ಮಾತ್ರ ಕರೆದಿದ್ದೆ; ಅವನು ಹುಳಿಯ ಆಳುಗಳನ್ನೂ ಹಿಂಡುಗಟ್ಟಿ ಕರೆತಂದ.

ಆ ನಾಲ್ಕನೆಯ ಸ್ವಾದಕ್ಕೆ ಕನ್ನಡದಲ್ಲಿ ಒಂದೇ ಮಾತಿನ ಹೆಸರಿಲ್ಲ, ಆದರೆ ಅದು ನಮಗೆ ಹೊಸತಲ್ಲ. ಒಣಮೀನು ಸುಡುವಾಗ, ಮಳೆಗಾಲದ ಅಣಬೆ ಹುರಿಯುವಾಗ, ಟೊಮೆಟೊ ಸಾರು ಕುದಿಕುದಿದು ಗಟ್ಟಿಯಾದಾಗ ಬರುವುದು ಅದೇ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕೊಂಬು ಎಂಬ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಒಣಮೀನಿನಲ್ಲಿ ಇನೋಸಿನೇಟ್ ಎಂಬ ಇನ್ನೊಂದು ವಸ್ತುವನ್ನು ಕಂಡುಹಿಡಿದರು. ಮುಂದೆ ಒಣ ಅಣಬೆಯಲ್ಲಿ ಗ್ವಾನಿಲೇಟ್ ಸಿಕ್ಕಿತು. ಅಡುಗೆಯವರಿಗೆ ಇದರಲ್ಲಿ ಉಪಯೋಗದ ಸಂಗತಿ ಒಂದೇ: ಗ್ಲುಟಮೇಟ್ ಇರುವ ಟೊಮೆಟೊ ಮತ್ತು ಗ್ವಾನಿಲೇಟ್ ಇರುವ ಒಣ ಅಣಬೆ ಜೊತೆಯಾದರೆ ಒಂದಕ್ಕೊಂದು ಕೂಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ರುಚಿ ಹುಟ್ಟುತ್ತದೆ. ಕೆಳಗಿನ ಸಾಸ್ ನಿಂತಿರುವುದು ಈ ಜೋಡಿಯ ಮೇಲೆ.

ಇನ್ನು ಮಾಡುವ ಅಡುಗೆಯನ್ನು ನೋಡಿ. ಫ್ರೈಡ್ ರೈಸಿಗೆ ಮುಖ್ಯವಾಗಿ ಬೇಕಾದದ್ದು ಉಪ್ಪು ಮತ್ತು ಸ್ವಾದ. ಮಂಚೂರಿಯ ಗೊಜ್ಜಿಗೆ ನಾಲ್ಕೂ ಬೇಕು. ಸೂಪಿಗೆ ಸ್ವಾದ ಸಾಕು, ಬಣ್ಣ ಇಲ್ಲದಿದ್ದರೇ ಚೆಂದ. ಅಂದ ಹಾಗೆ, ಗಾಡಿಯ ಮಂಚೂರಿಯ ಕೆಂಪು ಸೋಯಾದ್ದಲ್ಲವೇ ಅಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಆ ಕೆಂಪು ಅದು. ಮನೆಯಲ್ಲಿ ಕೆಂಪು ಬೇಕೆಂದರೆ ನೆನೆಸಿ ರುಬ್ಬಿದ ಎರಡು ಬ್ಯಾಡಗಿ ಮೆಣಸು ಸಾಕು.

ಮೂರನೇ ಹೆಜ್ಜೆ: ಉಪ್ಪಿನ ಲೆಕ್ಕ

ಒಂದು ದೊಡ್ಡ ಚಮಚ, ಅಂದರೆ 15 ಮಿಲಿ ಸಾಮಾನ್ಯ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಉಪ್ಪಿನ ಲೆಕ್ಕದಲ್ಲಿ ಇದು ಎರಡೂಕಾಲು ಗ್ರಾಂ. ಪುಡಿ ಉಪ್ಪಿನ ಒಂದು ಟೀ ಚಮಚ ಆರು ಗ್ರಾಂ ತೂಗುವುದರಿಂದ, ಒಂದು ದೊಡ್ಡ ಚಮಚ ಸಾಸ್ ತೆಗೆದರೆ ಮೂರನೇ ಒಂದು ಟೀ ಚಮಚಕ್ಕಿಂತ ಚೂರು ಹೆಚ್ಚು ಉಪ್ಪು ಸೇರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನವೊಂದಕ್ಕೆ ಹೇಳುವ ಮಿತಿ 5 ಗ್ರಾಂಗಿಂತ ಕಡಿಮೆ ಉಪ್ಪು. ಎರಡು ದೊಡ್ಡ ಚಮಚ ಸಾಸ್ ಒಬ್ಬರ ತಟ್ಟೆಗೇ ಬಿದ್ದರೆ ಆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿದಂತೆ.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳು ಉಪ್ಪು ಬಳಸುವವರು ಚಮಚದ ಅಳತೆ ನಂಬಬೇಡಿ. ಹರಳುಗಳ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ಕಡಿಮೆ ಉಪ್ಪು ಕೂರುತ್ತದೆ. ತೂಗಿ ಹಾಕಿ, ಇಲ್ಲವೇ ಪುಡಿ ಮಾಡಿ ಅಳೆಯಿರಿ.

ಉಪ್ಪು ಕಡಿಮೆ ಮಾಡಬೇಕಾದವರಿಗೆ ಅಜಿನೊಮೊಟೊ ನಿಜಕ್ಕೂ ಒಂದು ದಾರಿ. ಹೆಸರು ಕೇಳಿದರೆ ಮುಖ ಸಿಂಡರಿಸುವವರೇ ಹೆಚ್ಚು. ನಾನು ಆ ಗುಂಪಿನವಳಲ್ಲ. ಉಪ್ಪಿನಲ್ಲಿ ಸೋಡಿಯಂ ಶೇ 39ರಷ್ಟಿದ್ದರೆ ಅದರಲ್ಲಿ ಶೇ 12ರ ಆಸುಪಾಸು. ಉಪ್ಪನ್ನು ಅರ್ಧಕ್ಕಿಳಿಸಿ ಎರಡು ಚಿಟಿಕೆ ಇದನ್ನು ಹಾಕಿದರೆ ಅಡುಗೆ ಸಪ್ಪೆ ಎನಿಸುವುದಿಲ್ಲ. ಒಪ್ಪದವರನ್ನು ಒತ್ತಾಯಿಸುವುದಿಲ್ಲ. ಆದರೆ ದಿಢೀರ್ ನೂಡಲ್ಸ್ ಪೊಟ್ಟಣದ ಹಿಂದೆ 621, 627, 631, 635 ಎಂಬ ಸಂಖ್ಯೆಗಳಿವೆಯೇ ಎಂದು ಒಮ್ಮೆ ನೋಡಿ. 621 ಅಂದರೆ ಇದೇ. ಉಳಿದವು ಮೇಲೆ ಹೇಳಿದ ಗ್ವಾನಿಲೇಟ್, ಇನೋಸಿನೇಟ್ ಮತ್ತು ಅವೆರಡರ ಮಿಶ್ರಣ.

ಅಂಗಡಿಯಲ್ಲಿ ಸಿಗುವ ಬೇರೆ ಬಾಟಲಿಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತೆಂಗಿನ ಹೂಗೊಂಚಲಿನ ರಸ ಹುದುಗಿಸಿ ಉಪ್ಪು ಬೆರೆಸಿದ ಕೋಕೊನಟ್ ಅಮಿನೋಸ್‌ನಲ್ಲಿ ಸೋಯಾ ಇಲ್ಲ, ಗೋಧಿ ಇಲ್ಲ, ಉಪ್ಪೂ ಕಡಿಮೆ. ಆದರೆ ಸಿಹಿ ಹೆಚ್ಚು, ಬೆಲೆ ಇನ್ನೂ ಹೆಚ್ಚು. ಮನೆಯ ಸುತ್ತ ತೆಂಗಿನ ಮರ ಇಟ್ಟುಕೊಂಡು ಅದನ್ನು ಆನ್‌ಲೈನ್‌ನಲ್ಲಿ ತರಿಸುವುದು ನನಗೆ ಸರಿಕಾಣಲಿಲ್ಲ. ಹಾಗೆಂದು ಮನೆಯಲ್ಲಿ ಮಾಡಹೊರಡಬೇಡಿ, ಇಳಿಸಿದ ರಸ ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ. ವೂಸ್ಟರ್‌ಶೈರ್ ಸಾಸಿನ ಮೂಲ ರೂಪದಲ್ಲಿ ಹುಣಸೆಯ ಜೊತೆ ಮೀನೂ ಇರುತ್ತದೆ; ಸಸ್ಯಾಹಾರಿಗಳು ಲೇಬಲ್ ಓದಿಯೇ ಕೊಳ್ಳಬೇಕು.

ನಾಲ್ಕನೇ ಹೆಜ್ಜೆ: ಮನೆಯ ಡಬ್ಬಿ, ಭರಣಿ ತೆರೆಯಿರಿ

ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣಾಗುವ ಕಾಯಿ ಇದು, ಬಿಸಿಲು ಸಿಗುವುದಿಲ್ಲ. ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ, ಹೊಗೆಯಲ್ಲಿ ಒಣಗಿಸುತ್ತಾರೆ. ಆ ಕಪ್ಪು ಬಣ್ಣ ಮತ್ತು ಹೊಗೆಯ ವಾಸನೆಯೇ ನಮಗೆ ಇಲ್ಲಿ ಬೇಕಾದದ್ದು. ಬೆರಳುದ್ದದ ಒಂದು ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೆಗೆಯಿರಿ. ಅಲ್ಲೇ ಬಿಟ್ಟರೆ ಹುಳಿ ಏರುತ್ತಲೇ ಇರುತ್ತದೆ. ಈ ನೀರನ್ನು ಬಳಸಬೇಕಾದದ್ದು ಟೀ ಚಮಚದ ಲೆಕ್ಕದಲ್ಲಿ. ಅದೇ ಕುಲದ ಮುರುಗಲು ಕುಮಟಾ, ಹೊನ್ನಾವರದ ಕಡೆ ಧಾರಾಳ. ಆದರೆ ಅದರ ರಸ ನೇರಳೆಗೆಂಪು. ನೂಡಲ್ಸಿಗೆ ಹಾಕಿದರೆ ಬೀಟ್‌ರೂಟ್ ಕಲಸಿದಂತೆ ಕಾಣುತ್ತದೆ. ಅದನ್ನು ಶರಬತ್ತಿಗೇ ಬಿಡಿ.

ಜೋನಿ ಬೆಲ್ಲ. ಅಚ್ಚು ಬೆಲ್ಲಕ್ಕಿಂತ ಇದೇ ಒಳ್ಳೆಯದು, ಕರಗಿಸುವ ಕೆಲಸವಿಲ್ಲ. ಆಲೆಮನೆಯ ಜೋನಿಗೆ ಸಿಹಿಯ ಹಿಂದೆ ಸಣ್ಣ ಕಹಿ, ಸಣ್ಣ ಉಪ್ಪು ಇರುತ್ತದೆ. ಸಾಸಿನ ದುಂಡು ರುಚಿ ಬರುವುದು ಇದರಿಂದ.

ಅಪ್ಪೆಮಿಡಿಯ ಉಪ್ಪುನೀರು. ಮಿಡಿ ಉಪ್ಪಿಗೆ ಹಾಕಿದ ಭರಣಿಯಲ್ಲಿ ನಿಲ್ಲುವ ಈ ನೀರು ನಮ್ಮ ಕಡೆಯ ಸಂಪತ್ತು. ನಾನು ಅದನ್ನೂ ಪ್ರಯತ್ನಿಸಿದೆ. ಉಪ್ಪು ಇದೆ, ಹುಳಿ ಇದೆ, ಆದರೆ ಸೊನೆಯ ಪರಿಮಳ ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ಬೆಳ್ಳುಳ್ಳಿ, ಶುಂಠಿ ಎಲ್ಲ ಬಾಗಿಲಾಚೆ ನಿಂತವು. ಬಿಸಿ ಬಾಣಲೆಗೆ ಹಾಕಿದರೆ ಆ ಪರಿಮಳವೂ ಹಾರಿಹೋಗುತ್ತದೆ, ದುಪ್ಪಟ್ಟು ನಷ್ಟ. ಒಂದು ಚಮಚ ಉಪ್ಪುನೀರು, ಹೆಚ್ಚಿದ ಹಸಿಮೆಣಸು, ಎರಡು ಹನಿ ಕೊಬ್ಬರಿ ಎಣ್ಣೆ ಬೆರೆಸಿ ಮೊಮೊ ಅದ್ದಿಕೊಳ್ಳಲು ಇಟ್ಟರೆ ಮಾತ್ರ ಸೋಯಾ ಸಾಸ್ ಬೇಕೆಂದು ಯಾರೂ ಕೇಳುವುದಿಲ್ಲ. (ಮೊಮೊದ ಹೊದಿಕೆ ಮೈದಾದ್ದು. ನಮ್ಮ ಹುಡುಗನಿಗೆ ಅಕ್ಕಿಹಿಟ್ಟಿನ ಕಡುಬಿನ ಹೊದಿಕೆ.)

ಅಣಬೆ ಮತ್ತು ಟೊಮೆಟೊ. ಪೇಟೆಯಿಂದ ತಂದ ಒಣ ಶಿಟಾಕೆ ಇದ್ದರೆ ಸರಿ. ಇಲ್ಲದಿದ್ದರೆ ಬಿಳಿ ಬಟನ್ ಅಣಬೆಯನ್ನು ತೆಳ್ಳಗೆ ಹೆಚ್ಚಿ, ಎಣ್ಣೆಯಿಲ್ಲದೆ ಕಬ್ಬಿಣದ ಕಾವಲಿಯ ಮೇಲೆ ನೀರೆಲ್ಲ ಆರಿ ಗಾಢ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಮಳೆಗಾಲದಲ್ಲಿ ಬೇಣದಲ್ಲಿ ಎದ್ದ ಅಣಬೆಗಳನ್ನು, ಗುರುತು ಬಲ್ಲ ಹಿರಿಯರು ಕೈಯಾರೆ ಆರಿಸಿ ಕೊಟ್ಟ ಹೊರತು, ಮುಟ್ಟಬೇಡಿ. ಸಾಸಿಗಾಗಿ ಪ್ರಾಣ ಪಣಕ್ಕಿಡುವುದು ಬೇಡ.

ಹುರುಳಿ ಕಟ್ಟು. ಇದು ಹೊಳೆದದ್ದು ತಡವಾಗಿ. ಸೋಯಾ ಸಾಸ್ ಮೂಲತಃ ಒಂದು ಕಾಳಿನ ರಸ ತಾನೆ? ಬೆಂದ ಹುರುಳಿಯ ಕಂದು ಕಟ್ಟು ನಮ್ಮ ಮನೆಗಳಲ್ಲಿ ಸಾರಾಗಿ ಕುದಿಯುತ್ತಲೇ ಇದೆ. ಹುದುಗಿಸಿದ ಕಾಳಿನಲ್ಲಿ ಪ್ರೋಟೀನು ಒಡೆದು ಗ್ಲುಟಮೇಟ್ ಬಿಡುಗಡೆಯಾಗುತ್ತದೆ. ಬೇಯಿಸಿದ ಕಟ್ಟಿನಲ್ಲಿ ಅಷ್ಟು ಆಗುವುದಿಲ್ಲ. ಆ ಕೊರತೆಯನ್ನು ಟೊಮೆಟೊ, ಅಣಬೆ ತುಂಬುತ್ತವೆ. ಕಟ್ಟು ಕೊಡುವುದು ಮೈಕಟ್ಟು, ಬಣ್ಣ ಮತ್ತು ಒಂದು ಮಣ್ಣಿನ ಘಮ.

ಐದನೇ ಹೆಜ್ಜೆ: ಹುರುಳಿ ಕಟ್ಟಿನ ಸಾಸ್

250 ಮಿಲಿ ಸಾಸಿಗೆ ಬೇಕಾದದ್ದು: ಹುರುಳಿ 100 ಗ್ರಾಂ, ಒಣ ಅಣಬೆ 15 ಗ್ರಾಂ (ಅಥವಾ ಮೇಲೆ ಹೇಳಿದಂತೆ ಹುರಿದ ತಾಜಾ ಅಣಬೆ 200 ಗ್ರಾಂ), ಚೆನ್ನಾಗಿ ಹಣ್ಣಾದ ಟೊಮೆಟೊ ಎರಡು, ಬೆಳ್ಳುಳ್ಳಿ ಎರಡು ಎಸಳು, ಉಪ್ಪಾಗೆ ಒಂದು ಸಿಪ್ಪೆ, ಜೋನಿ ಬೆಲ್ಲ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಪುಡಿ ಉಪ್ಪು 35 ಗ್ರಾಂ. ಬೆಳ್ಳುಳ್ಳಿ ತಿನ್ನದ ಮನೆಯವರು ಅದನ್ನು ಬಿಟ್ಟು ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ.

ಹುರುಳಿಯಲ್ಲಿ ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಂದು ಲೀಟರ್ ನೀರಿನಲ್ಲಿ ಕುಕ್ಕರಿನಲ್ಲಿ ಆರೇಳು ಸೀಟಿ ಕೂಗಿಸಿ, ಕಟ್ಟು ಬಸಿಯಿರಿ. ಕಾಳನ್ನು ಹಿಚುಕಬಾರದು, ಹಿಚುಕಿದರೆ ಸಾಸ್ ಗಂಜಿಯಂತೆ ಮಂದವಾಗುತ್ತದೆ. ಟೊಮೆಟೊವನ್ನು ಅರ್ಧಕ್ಕೆ ಕೊಯ್ದು, ಕೊಯ್ದ ಮುಖ ಕೆಳಗಾಗಿ ಕಾವಲಿಯ ಮೇಲಿಟ್ಟು ಅಲ್ಲಲ್ಲಿ ಕಪ್ಪಾಗುವವರೆಗೆ ಸುಡಿ.

ಕಟ್ಟು, ಅಣಬೆ, ಟೊಮೆಟೊ, ಬೆಳ್ಳುಳ್ಳಿಯನ್ನು ಅಗಲ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮುಚ್ಚಳವಿಲ್ಲದೆ ಕುದಿಸಿ. ದ್ರವ ಅರ್ಧದಷ್ಟಾದಾಗ ಉಪ್ಪಾಗೆ ಹಾಕಿ, ಹತ್ತು ನಿಮಿಷಕ್ಕೆ ತೆಗೆದುಬಿಡಿ. ಸುಮಾರು ಕಾಲು ಲೀಟರಿಗೆ ಇಳಿದಾಗ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ಅಣಬೆಯನ್ನು ಚೆನ್ನಾಗಿ ಹಿಂಡಿ. ಒಟ್ಟು ಮುಕ್ಕಾಲು ಗಂಟೆಯ ಕೆಲಸ.

ಈಗ ಬಣ್ಣ. ಸಣ್ಣ ಕಬ್ಬಿಣದ ಬಾಣಲೆಯಲ್ಲಿ ಸಕ್ಕರೆಯನ್ನು ಒಣದಾಗಿ ಕರಗಿಸಿ. ಹೊಂಬಣ್ಣ ದಾಟಿ, ಕಾಫಿ ಡಿಕಾಕ್ಷನ್ನಿನ ಬಣ್ಣ ಬಂದು ಹೊಗೆ ಏಳತೊಡಗಿದ ಕೂಡಲೇ ಉರಿ ಆರಿಸಿ, ಮುಖ ಹಿಂದೆ ಇಟ್ಟುಕೊಂಡು ಮೂರು ಚಮಚ ಬಿಸಿನೀರು ಸುರಿಯಿರಿ. ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಬಾಟಲಿ ಸಾಸುಗಳ ಲೇಬಲ್ಲಿನಲ್ಲಿ 150 ಎಂದು ಶುರುವಾಗುವ ಬಣ್ಣದ ಸಂಖ್ಯೆಗಳು ಇದೇ ಕ್ಯಾರಮೆಲ್ ಕುಟುಂಬದವು. ಸುಟ್ಟ ಸಕ್ಕರೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಬಣ್ಣ ಸಾಕೆನಿಸುವವರೆಗೆ ಮಾತ್ರ ಬೆರೆಸಿ. ಪೂರ್ತಿ ಸುರಿದರೆ ಕಹಿ.

ಜೋನಿ ಬೆಲ್ಲ, ಉಪ್ಪು ಹಾಕಿ ಒಂದು ಕುದಿ ಬರಿಸಿ ಇಳಿಸಿ. ಉಪ್ಪು ಯಾವಾಗಲೂ ಕೊನೆಗೆ. ಮೊದಲೇ ಹಾಕಿ ಬತ್ತಿಸಿದರೆ ಎಷ್ಟಕ್ಕೆ ನಿಲ್ಲುತ್ತದೆ ಎಂದು ಹೇಳಲಾಗದು. ಈ ಅಳತೆಯಲ್ಲಿ ಒಂದು ದೊಡ್ಡ ಚಮಚಕ್ಕೆ ಎರಡು ಗ್ರಾಂಗಿಂತ ತುಸು ಹೆಚ್ಚು ಉಪ್ಪು ಬರುತ್ತದೆ. ಅಂದರೆ ಅಡುಗೆಯಲ್ಲಿ ಸೋಯಾ ಸಾಸಿನಷ್ಟೇ ಅಳತೆಗೆ ಬಳಸಬಹುದು. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ಎರಡು ವಾರದೊಳಗೆ ಮುಗಿಸಿ. ರಕ್ತದೊತ್ತಡದವರಿಗೆ ಮಾಡುವಾಗ ಉಪ್ಪು 15 ಗ್ರಾಂಗೆ ಇಳಿಸಿ. ಆಗ ಅದು ಬಾಳಿಕೆ ಬರುವುದಿಲ್ಲ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಒಂದೊಂದೇ ಗಟ್ಟಿ ತೆಗೆದು ಬಳಸಿ.

ರುಚಿ ನೋಡುವಾಗ ಚಮಚದಿಂದ ನಾಲಿಗೆಗೆ ಬಿಟ್ಟುಕೊಳ್ಳಬೇಡಿ, ಉಪ್ಪೊಂದೇ ಗೊತ್ತಾಗುತ್ತದೆ. ಒಂದು ಮುಷ್ಟಿ ಬಿಸಿ ಅನ್ನಕ್ಕೆ ಅರ್ಧ ಟೀ ಚಮಚ ಕಲಸಿ ತಿನ್ನಿ.

ಕರಾವಳಿಯ ಬಾಟಲಿ

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಗೆಳತಿ ಈ ಪುರಾಣವನ್ನೆಲ್ಲ ಕೇಳಿ ನಕ್ಕಳು. "ಇಷ್ಟೆಲ್ಲ ಯಾಕೆ ಅಕ್ಕ, ಒಂದು ಹಿಡಿ ಒಣ ಶೆಟ್ಲಿ ಹಾಕಿದರೆ ಆಯಿತಲ್ಲ" ಎಂದಳು. ಶೆಟ್ಲಿ ಅಂದರೆ ಸಿಗಡಿ. ಅವಳ ದಾರಿ ಹೀಗೆ: 25 ಗ್ರಾಂ ಒಣ ಶೆಟ್ಲಿಯ ತಲೆ, ಮೀಸೆ ಮುರಿದು, ತೊಳೆದು ಮರಳು ತೆಗೆದು, ಆರಿಸಿ, ಘಮ ಬರುವಂತೆ ಬರಿ ಬಾಣಲೆಯಲ್ಲಿ ಹುರಿದು ತರಿತರಿ ಪುಡಿ ಮಾಡುವುದು. 400 ಮಿಲಿ ನೀರಿನಲ್ಲಿ ಒಂದು ಟೊಮೆಟೊ ಜೊತೆ ಕುದಿಸಿ 150 ಮಿಲಿಗೆ ಬತ್ತಿಸಿ ಸೋಸುವುದು. ಎರಡು ಟೀ ಚಮಚ ಜೋನಿ ಬೆಲ್ಲ, ಒಂದು ಟೀ ಚಮಚ ಉಪ್ಪಾಗೆ ನೀರು, ಮತ್ತು ಸುಟ್ಟ ಸಕ್ಕರೆ. ಉಪ್ಪನ್ನು ಮಾತ್ರ ರುಚಿ ನೋಡಿಯೇ ಹಾಕಬೇಕು, ಒಣ ಶೆಟ್ಲಿ ತಾನೇ ಎಷ್ಟು ಉಪ್ಪು ಹೊತ್ತು ಬಂದಿದೆ ಎಂಬುದು ಸಂತೆಯಿಂದ ಸಂತೆಗೆ ಬೇರೆ. ಸಿಗಡಿ ಅಲರ್ಜಿ ಇರುವವರು ಮನೆಗೆ ಬರುವ ದಿನ ಈ ಬಾಟಲಿ ತೆಗೆಯಬಾರದು. ಇದನ್ನು ಮೂರು ನಾಲ್ಕು ದಿನದಲ್ಲಿ ಮುಗಿಸುವುದು ಒಳ್ಳೆಯದು. ಅವಳ ಮನೆಯಲ್ಲಿ ಅಷ್ಟು ದಿನ ಉಳಿದದ್ದೇ ಇಲ್ಲವಂತೆ.

ಆರನೇ ಹೆಜ್ಜೆ: ಬಾಣಲೆಗೆ ಹಾಕುವ ಹೊತ್ತು

ಸೋಯಾ ಸಾಸನ್ನು ಕಾದ ಬಾಣಲೆಯ ಅಂಚಿಗೆ ಸುರಿದು ಚುಂಯ್ ಎನ್ನಿಸುವುದನ್ನು ಗಾಡಿಯವರ ಕೈಯಲ್ಲಿ ನೋಡಿದ್ದೀರಿ. ನಮ್ಮ ಸಾಸಿನಲ್ಲಿ ಬೆಲ್ಲವಿದೆ, ಹಾಗೆ ಮಾಡಿದರೆ ತಳ ಹಿಡಿಯುತ್ತದೆ. ಎಲ್ಲ ಮುಗಿಯಲು ಒಂದು ನಿಮಿಷ ಇದೆ ಎನ್ನುವಾಗ ಹಾಕಿ, ಬೇಗ ಬೇಗ ಮಗುಚಿ.

ಫ್ರೈಡ್ ರೈಸಿಗೆ ಎರಡು ಕಪ್ ಅನ್ನಕ್ಕೆ ಒಂದು ದೊಡ್ಡ ಚಮಚ. ಅನ್ನ ಹಿಂದಿನ ರಾತ್ರಿಯದಾಗಿ, ಫ್ರಿಜ್‌ನಲ್ಲಿ ತಣ್ಣಗಾಗಿದ್ದರೆ ಉದುರಾಗಿರುತ್ತದೆ. ಬಿಸಿ ಅನ್ನಕ್ಕೆ ಹಾಕಿದರೆ ಚಿತ್ರಾನ್ನವೂ ಅಲ್ಲ, ಬಿಸಿಬೇಳೆಯೂ ಅಲ್ಲ. ಅರ್ಧ ಕಿಲೋ ಹೂಕೋಸಿನ ಮಂಚೂರಿಗೆ ಎರಡು ದೊಡ್ಡ ಚಮಚ ಸಾಸ್, ಅರ್ಧ ಲೋಟ ನೀರಿನಲ್ಲಿ ಕದಡಿದ ಒಂದು ಟೀ ಚಮಚ ಮೆಕ್ಕೆಜೋಳದ ಹಿಟ್ಟು, ಕೊನೆಗೆ ಒಂದು ಟೀ ಚಮಚ ವಿನೆಗರ್. ಪನ್ನೀರನ್ನೋ ಕೋಳಿಯನ್ನೋ ನೆನೆಸಿಡುವುದಾದರೆ ಉಪ್ಪಾಗೆ ಹಾಕದ ಸಾಸ್ ಬೇರೆ ತೆಗೆದಿಡಿ. ಹುಳಿಯಲ್ಲಿ ತುಂಬ ಹೊತ್ತು ನೆನೆದ ಕೋಳಿಯ ಹೊರಮೈ ಹಿಟ್ಟುಹಿಟ್ಟಾಗುತ್ತದೆ. ಸೂಪಿಗೆ ಸುಟ್ಟ ಸಕ್ಕರೆ ಬೆರೆಸುವ ಮೊದಲೇ ಅರ್ಧ ಲೋಟ ತೆಗೆದಿಟ್ಟುಕೊಂಡಿದ್ದರೆ ಅನುಕೂಲ.

ಹುಳಿ ಹೆಚ್ಚಾಯಿತೆ? ಬೆಲ್ಲ ಸುರಿಯಬೇಡಿ, ಗೊಜ್ಜಾಗುತ್ತದೆ. ಉಪ್ಪಾಗೆ ಹಾಕದ ಇನ್ನಷ್ಟು ಕಟ್ಟು ಬೆರೆಸಿ ಬತ್ತಿಸಿ. ಕಹಿಯಾದರೆ ಸಕ್ಕರೆ ಸುಟ್ಟದ್ದು ಹೆಚ್ಚಾಗಿದೆ, ಅದಕ್ಕೆ ಮದ್ದಿಲ್ಲ. ಸಪ್ಪೆ ಎನಿಸಿದರೆ ಉಪ್ಪಿಗೆ ಕೈ ಹಾಕುವ ಮೊದಲು ಅರ್ಧ ಟೊಮೆಟೊ ಸುಟ್ಟು ಹಿಂಡಿ ನೋಡಿ.

ಬಸಿದು ಉಳಿದ ಹುರುಳಿ ಕಾಳಿಗೆ ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆ ಕೊಟ್ಟು, ತೆಂಗಿನ ತುರಿ ಉದುರಿಸಿದರೆ ಮಧ್ಯಾಹ್ನಕ್ಕೆ ಉಸಲಿ ಸಿದ್ಧ. ಹಿಂಡಿದ ಅಣಬೆಯನ್ನೂ ಅದಕ್ಕೇ ಹಾಕಿ.